2004ರ ಡಿಸ್ಕು

8 ಅಕ್ಟೋಬರ್ 2007, ಸೋಮವಾರ

ಹಳೆಯ ಮಶೀನು ಇವತ್ತು ಮತ್ತೆ ತಾನಾಗಿ ಆರಿಹೋಯಿತು. ಮುಚ್ಚಳ ಬಿಚ್ಚಿ ನೋಡಿದರೆ ಬೋರ್ಡಿನ ಮೇಲಿನ ಪುಟ್ಟ ಪುಟ್ಟ ಡಬ್ಬಿಗಳೆಲ್ಲ ಹೊಟ್ಟೆ ಉಬ್ಬಿಸಿಕೊಂಡು ಕೂತಿವೆ. ಮೈಸೂರಿನ ಸ್ವಾಮಿಗೆ ಫೋನ್ ಮಾಡಿದೆ. ಸ್ವಾಮಿ ನಮ್ಮ ಯಜಮಾನರ ಗೆಳೆಯ, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಇವರಿಗೆ ಲಕ್ವ ಹೊಡೆದ ಮೇಲೆ ನನ್ನ ಫೋನು ಎತ್ತುವ ಗೆಳೆಯ ಅವನೊಬ್ಬನೇ.

“ಅತ್ತಿಗೆ, ಅದರ ಆಯಸ್ಸು ಮುಗೀತು. ಹೊಸ ಮಶೀನು ಕಳಿಸ್ತೀನಿ. ಆದ್ರೆ ಕಾಂತರಾಜ ಡಿಸ್ಕುಗಳನ್ನ ಹೊಂದಿಸಿರೋದು ಹಳೇ ಪದ್ಧತೀಲಿ. ಆ ಸಾಫ್ಟ್‌ವೇರು ಮಾಡ್ತಿದ್ದೋರೇ ಅದನ್ನ ಕೈಬಿಟ್ಟಿದ್ದಾರೆ. ಹೊಸದ್ರಲ್ಲಿ ಅದು ನಡೆಯಲ್ಲ. ಎಲ್ಲಾನೂ ಎಲ್‌ವಿಎಂ ಅನ್ನೋ ಹೊಸ ಪದ್ಧತಿಗೆ ಸಾಗಿಸ್ಬೇಕು,” ಎಂದ.

ಬಾಡಿಗೆ ಮನೆ ಬದಲಾಯಿಸಿ ಎಂದಷ್ಟು ಸಲೀಸಾಗಿ ಹೇಳಿದ. ಈ ಸ್ಟುಡಿಯೋದ ಫೋಟೋ ಎಲ್ಲ ಇರುವುದು ಆ ಮೂರು ಡಿಸ್ಕುಗಳಲ್ಲಿ. ಒಂದರಲ್ಲಿ 2003ರವರೆಗಿನದು, ಇನ್ನೊಂದರಲ್ಲಿ 2004 ಮತ್ತು 2005, ಮೂರನೆಯದರಲ್ಲಿ ಆಮೇಲಿನದು. ಮೊದಲು ಇವರು ಎಲ್ಲವನ್ನೂ ಸಿಡಿಗೂ ಹಾಕಿಡುತ್ತಿದ್ದರು. 2004ರಲ್ಲಿ ದೊಡ್ಡ ಡಿಸ್ಕು ತಂದ ಮೇಲೆ ಸಿಡಿ ಯಾಕೆ ದಂಡ ಎಂದು ನಿಲ್ಲಿಸಿದರು. ಹೇಗೆ ಹೊಂದಿಸಿದ್ದಾರೆ ಎಂದು ಕೇಳೋಣವೆಂದರೆ ಆಷಾಢದಿಂದ ಇವರ ಬಲಗೈಯೂ ಬಾಯಿಯೂ ಬಿದ್ದುಹೋಗಿವೆ. ಕುರ್ಚಿಯಲ್ಲಿ ಕೂತು ನೋಡುತ್ತಾರೆ, ಅಷ್ಟೆ. ಬೇಜಾರಾಗಿದೆ.

11 ಅಕ್ಟೋಬರ್, ಗುರುವಾರ

ಗುರುಪುರದಿಂದ ಚಿಕ್ಕಬೀರಮ್ಮ ಎಂಬ ಹೆಂಗಸು ಬಂದಿದ್ದಳು. ಮೂರು ವರ್ಷದ ಹಿಂದೆ ಹೊಗೆಸೊಪ್ಪಿನ ಹೊಲದಲ್ಲಿ ಹಾವು ಕಚ್ಚಿ ಸತ್ತ ಮಗನ ಫೋಟೋ ಇನ್ನೊಂದು ಪ್ರತಿ ಬೇಕಂತೆ.

“ಗೆದ್ಲು ತಿಂದ್ಬುಟ್ಟದೆ ಕಣವ್ವ. ಗ್ವಾಡೆಯಿಂದ ಇಳುಸುದ್ರೆ ಬರೀ ಗಾಜು, ಒಳಗೆಲ್ಲ ಮಣ್ಣು. ನಮ್ ಮಾದೇಸ ಇದ್ದಾಗ ಒಂದ್ ಪೋಟನೂ ತೆಗುಸ್ನಿಲ್ಲ. ನಿಮ್ ಯಜಮಾನ್ರು ಬಂದು ತಗುದ್ರಲ್ಲ, ಅದೊಂದೇಯ.”

ನಿಧಾನಕ್ಕೆ ಕೊಡುತ್ತೇನೆ ಎಂದರೆ ಆಗುವ ಹಾಗಿಲ್ಲ. ಕಾರ್ತೀಕ ಮುಗಿಯುವುದರೊಳಗೆ ಚಿಕ್ಕ ಮಗ ಅಣ್ಣಯ್ಯನ ಮದುವೆ. “ದೊಡ್ಡವುನ್ನ ಕೂರ್ಸಿ ಎಡೆ ಇಕ್ದೆ ಚಿಕ್ಕವುನ್ಗೆ ಎಂಗವ್ವ ಚಪ್ರ ಆಕದು? ಪೋಟ ಇಲ್ದೆ ಯಾರ್ ಮುಂದೆ ಎಡೆ ಇಕ್ಲಿ?” ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ಹಳೆಯ ಮಶೀನು ಆಗ ಹೇಗೋ ನಡೆಯುತ್ತಿತ್ತು. ಹುಡುಕಿದ್ದರೆ ಸಿಗುತ್ತಿತ್ತೋ ಏನೋ. ಒಂದು ಫೋಟೋಕ್ಕಾಗಿ ಅದನ್ನು ಇನ್ನಷ್ಟು ಗೋಳುಹೊಯ್ದುಕೊಂಡರೆ ಪೂರ್ತಿ ಮಲಗಿಬಿಟ್ಟೀತು ಎಂದು ಹೆದರಿಕೆ. ಎಲ್ಲವನ್ನೂ ಹೊಸದಕ್ಕೆ ಸಾಗಿಸಿದ ಮೇಲೆ ಕೊಡುತ್ತೇನೆ, ಮುಂದಿನ ಗುರುವಾರ ಬನ್ನಿ ಎಂದೆ. ಕೆಲಸವೆಂದರೆ ಒಂದು ಕ್ರಮದಲ್ಲಿ ಆಗಬೇಕು.

ನಿಜ ಹೇಳಬೇಕೆಂದರೆ ಆ ಫೋಟೋಗಳ ಕಡೆ ನಾನು ಹೋದವಳೇ ಅಲ್ಲ. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ ತೆಗೆಸುತ್ತಾರೆ. ಗೋಡೆಗೆ ಹಾಕಲು ಮುಚ್ಚಿದ ಕಣ್ಣು ಆಗುವುದಿಲ್ಲ. ಅದಕ್ಕೆ ಅಣ್ಣನದೋ ತಮ್ಮನದೋ ಕಣ್ಣು ತೆಗೆದು ಕಂಪ್ಯೂಟರಿನಲ್ಲಿ ಕೂರಿಸಿ, ಬದುಕಿದ್ದವರ ಹಾಗೆ ಮಾಡಿ ಕೊಡುವುದು. ಇದರಲ್ಲಿ ಇವರದು ಎತ್ತಿದ ಕೈ. ಭೇರ್ಯದಿಂದ, ಪಿರಿಯಾಪಟ್ಟಣದಿಂದ ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು. ನಾನು ಮಾತ್ರ ಮುಟ್ಟುವುದಿಲ್ಲ ಎಂದು ಹೇಳಿಬಿಟ್ಟಿದ್ದೆ. ಇಲ್ಲದ ಕಣ್ಣು ಬಿಡಿಸುವುದು ಸುಳ್ಳಲ್ಲದೆ ಇನ್ನೇನು? ಮದುಮಗಳನ್ನು ಸ್ವಲ್ಪ ಬೆಳ್ಳಗೆ ಮಾಡಿ ಎಂದರೂ ಒಪ್ಪದವಳು ನಾನು. ಇವರು ಆಗ ನಕ್ಕು, “ನೀಲಾ, ನೀನು ಮೇಷ್ಟ್ರಾಗಬೇಕಾಗಿತ್ತು” ಎನ್ನುತ್ತಿದ್ದರು. ಆ ನಗುವಾದರೂ ಈಗ ಇದ್ದಿದ್ದರೆ.

15 ಅಕ್ಟೋಬರ್, ಸೋಮವಾರ

ಹೊಸ ಮಶೀನು ಬಂತು. ಸ್ವಾಮಿಯೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಸದ್ಯಕ್ಕೆ ಹಳೆಯದನ್ನೂ ಓದುವ, ಹೊಸದರಲ್ಲೂ ಬರೆಯುವ ಹಾಗೆ ಮಾಡಿ, ಹಳೆಯ ಮೂರು ಡಿಸ್ಕುಗಳನ್ನು ಅದಕ್ಕೇ ಸಿಕ್ಕಿಸಿದ. ಹೊಸ ಡಿಸ್ಕು ಒಂದೇ ಇರುವುದು, ಎಲ್ಲ ಅದರಲ್ಲಿ ಹಿಡಿಸುವುದಿಲ್ಲ. ಉಪಾಯ ಅವನೇ ಹೇಳಿಕೊಟ್ಟ: ಮೊದಲನೆಯದನ್ನು ಹೊಸದಕ್ಕೆ ಸುರಿದುಕೊಳ್ಳುವುದು, ಖಾಲಿಯಾದ ಮೊದಲನೆಯದನ್ನು ತೊಳೆದು, ಅಂದರೆ ಪೂರ್ತಿ ಅಳಿಸಿ, ಎಲ್‌ವಿಎಂಗೆ ಸೇರಿಸುವುದು, ಎರಡನೆಯದನ್ನು ಅದರಲ್ಲಿ ಸುರಿಯುವುದು. ಅಡುಗೆಮನೆಯ ಡಬ್ಬಿ ಬದಲಾಯಿಸುವ ಕೆಲಸ, ನನಗೆ ಹೊಸದೇನಲ್ಲ.

“ಒಂದೇ ಎಚ್ಚರ ಅತ್ತಿಗೆ. ಯಾವ ತಂತಿಗೆ ಯಾವುದು ಸಿಕ್ಸಿದೆಯೋ ಅದರ ಮೇಲೇನೇ ಮಶೀನು ಅದಕ್ಕೆ ಹೆಸರು ಕೊಡೋದು. ತೊಳೆಯೋ ಮುಂಚೆ ಒಳಗೆ ಯಾವ ವರ್ಷದ್ದಿದೆ ಅಂತ ತೆಗೆದು ನೋಡಿ,” ಎಂದ.

“ನಾನೇನು ಎಳೆ ಮಗುವಾ?” ಎಂದೆ.

ಇವರು ಪೂರ್ತಿ ನೋಡುತ್ತಾ ಕೂತಿದ್ದರು. ಸ್ವಾಮಿ ಹೊರಟಾಗ ಎಡಗೈ ಎತ್ತಿ ಅವನ ಅಂಗಿ ಹಿಡಿದುಕೊಂಡರು. ಬಿಡಿಸಿಕೊಳ್ಳಲು ಅವನಿಗೆ ಕಷ್ಟವಾಯಿತು. ಬಸ್‌ಸ್ಟ್ಯಾಂಡಿನವರೆಗೆ ಕಣ್ಣೊರೆಸಿಕೊಳ್ಳುತ್ತಾ ಹೋದ.

18 ಅಕ್ಟೋಬರ್, ಗುರುವಾರ

2003ರವರೆಗಿನದೆಲ್ಲ ಹೊಸದಕ್ಕೆ ಬಂತು. ಒಂದೊಂದು ಫೋಲ್ಡರನ್ನೂ ತೆರೆದು ನೋಡಿದೆ. ಎಷ್ಟೊಂದು ಮದುವೆಗಳು. ಚಪ್ಪರದಡಿ ನಿಂತು ಕ್ಯಾಮರಾ ನೋಡಲು ನಾಚುತ್ತಿರುವ ಹುಡುಗಿಯರೆಲ್ಲ ಈಗ ತಮ್ಮ ಮಕ್ಕಳನ್ನು ಎತ್ತಿಕೊಂಡು ಸ್ಕೂಲ್ ಫೋಟೋಕ್ಕೆ ಬರುತ್ತಾರೆ. ಚಿಕ್ಕಬೀರಮ್ಮ ಬರಲಿಲ್ಲ, ಹೊಗೆಸೊಪ್ಪು ಬೇಯಿಸಿ ಒಣಗಿಸುವ ಕೆಲಸ ಇರಬೇಕು. ನಾಳೆ ಡಿಸ್ಕು ತೊಳೆಯೋಣವೆಂದರೆ ಮಹಾನವಮಿ ತಲೆಯ ಮೇಲಿದೆ. ಸೋಮವಾರಕ್ಕೆ ಇಟ್ಟುಕೊಂಡೆ.

20 ಅಕ್ಟೋಬರ್, ಶನಿವಾರ. ಆಯುಧಪೂಜೆ

ಈ ಸಲ ಪೂಜೆ ಬೇಡ ಎಂದುಕೊಂಡಿದ್ದೆ. ಬೆಳಿಗ್ಗೆ ಇವರು ಕ್ಯಾಮರಾದ ಬೀರುವಿನ ಕಡೆಯೇ ನೋಡುತ್ತಾ ಕೂತರು, ತಿಂಡಿಗೂ ಬಾಯಿ ತೆರೆಯಲಿಲ್ಲ. ಆಗ ಗೊತ್ತಾಯಿತು.

ಪ್ರತಿ ವರ್ಷ ಇವರು ಮಾಡುತ್ತಿದ್ದ ಹಾಗೇ ಮಾಡಿದೆ. ಅನ್ನ ಕೊಡುವ ಸಾಮಾನು ಯಾವುದೂ ಒಳಗೆ ಉಳಿಯಬಾರದು ಎಂಬುದು ಇವರ ಶಾಸ್ತ್ರ. ಕ್ಯಾಮರಾ, ಲೆನ್ಸು, ಲೈಟು, ಕತ್ತರಿ, ಕೊನೆಗೆ ಮಶೀನಿನಿಂದ ಡಿಸ್ಕುಗಳನ್ನೂ ಬಿಚ್ಚಿ ಒರೆಸಿ ಮಣೆಯ ಮೇಲೆ ಜೋಡಿಸಿದೆ. ಇವರ ಕುರ್ಚಿಯನ್ನು ಹತ್ತಿರಕ್ಕೆ ಎಳೆದು, ವಿಭೂತಿ ಕಲಸಿ ಬಟ್ಟಲು ಮುಂದಿಟ್ಟೆ. ಎಡಗೈಯ ಬೆರಳು ಅದ್ದಿ ತಾವೇ ಎಳೆದರು! ಒಂದೊಂದು ಡಿಸ್ಕಿಗೂ ಮೂರು ಗೆರೆ, ಸೊಟ್ಟ ಸೊಟ್ಟಾಗಿ, ವರ್ಷ ಬರೆದ ಸ್ಟಿಕರಿನ ಮೇಲೆಲ್ಲ. ಕುಂಕುಮವನ್ನೂ ತಾವೇ ಇಟ್ಟರು. ಆಷಾಢದಿಂದ ಈಚೆಗೆ ಇವರು ತಾವಾಗಿ ಮಾಡಿದ ಮೊದಲ ಕೆಲಸ ಇದು. ನನಗೆ ಅಳು ಬಂತು.

ಇಟ್ಟ ಆಯುಧ ಮುಟ್ಟುವ ಹಾಗಿಲ್ಲ, ನಾಳೆ ವಿಜಯದಶಮಿ ಕಳೆದ ಮೇಲೆಯೇ ತೆಗೆಯುವುದು. ಅಂಗಡಿಯಲ್ಲಿ ಬೂದುಗುಂಬಳದ, ಚೆಂಡುಹೂವಿನ ವಾಸನೆ.

22 ಅಕ್ಟೋಬರ್, ಸೋಮವಾರ

ಪೂಜೆ ಎತ್ತಿದೆ. ಇವರೇ ಎಡಗೈಯಿಂದ ಒಂದೊಂದೇ ಡಿಸ್ಕು ಎತ್ತಿ ಕೊಟ್ಟರು, ನಾನು ಸಿಕ್ಕಿಸುತ್ತಾ ಹೋದೆ. ಇಬ್ಬರೂ ಸೇರಿ ಕೆಲಸ ಮಾಡಿ ಎಷ್ಟು ಕಾಲವಾಗಿತ್ತು. ಮಶೀನು ಎದ್ದಿತು. ಮೊದಲನೆಯ ಡಿಸ್ಕನ್ನು ತೊಳೆಯಲು ಕೊಟ್ಟೆ. ಹಳೆಯ ಡಿಸ್ಕಾದ್ದರಿಂದ ಕೆಟ್ಟ ಜಾಗ ಇದೆಯೋ ನೋಡಲು ಸ್ವಾಮಿ ಹೇಳಿದ ಹಾಗೆ ಮೂಲೆಮೂಲೆಗೂ ಬರೆದು ಅಳಿಸಿ ಪರೀಕ್ಷೆ ಮಾಡುವುದಕ್ಕೂ ಕೊಟ್ಟೆ. ಇಡೀ ದಿನ ಗೊರಗುಟ್ಟುತ್ತಿತ್ತು. ಎಲ್ಲ ಚೆನ್ನಾಗಿದೆ, ಒಂದು ಕಲೆಯೂ ಇಲ್ಲ. ಎಲ್‌ವಿಎಂಗೆ ಸೇರಿಸಿಯೂ ಆಯಿತು.

ಸಂಜೆ ಇವರಿಗೆ ಪಾಯಸ ತಿನ್ನಿಸಿದೆ.

23 ಅಕ್ಟೋಬರ್, ಮಂಗಳವಾರ

2004 ಇಲ್ಲ. 2005 ಇಲ್ಲ.

ಎರಡನೆಯದೆಂದು ತೆರೆದ ಡಿಸ್ಕಿನಲ್ಲಿ ಅವೇ ಹಳೆಯ ಮದುವೆಗಳು. ಅದೇ ನಾಚುವ ಹುಡುಗಿಯರು. ನಾನು ತೊಳೆದದ್ದು ಎರಡನೆಯದನ್ನು.

ತೆಗೆದು ನೋಡಲಿಲ್ಲ. ಇವರು ಕೊಟ್ಟ ಹಾಗೆ ಸಿಕ್ಕಿಸಿದೆ. ನೋಡಲಿಲ್ಲ.

25 ಅಕ್ಟೋಬರ್, ಗುರುವಾರ

ಚಿಕ್ಕಬೀರಮ್ಮ ಬಂದಳು. ಕರೆಂಟಿಲ್ಲ ಎಂದೆ. ಅವಳ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಪಾಪ, ಅದನ್ನು ನೋಡಿಯೂ, “ಆಗ್ಲಿ ಬುಡವ್ವ, ಇನ್ನೊಂದಪ ಬತ್ತೀನಿ” ಎಂದು ಹೋದಳು. ಬರುವಾಗ ತಂದಿದ್ದ ಅವರೆಕಾಯಿಯನ್ನು ಬೆಂಚಿನ ಮೇಲೆ ಬಿಟ್ಟು ಹೋಗಿದ್ದಾಳೆ.

ಬದುಕಿನಲ್ಲಿ ಇಷ್ಟು ದೊಡ್ಡ ಸುಳ್ಳನ್ನು ಯಾರ ಮುಖ ನೋಡಿಕೊಂಡೂ ಹೇಳಿರಲಿಲ್ಲ. ಅವರೆಕಾಯಿ ಬಿಡಿಸಲು ಮನಸ್ಸಾಗದೆ ಪಕ್ಕದ ಮನೆಗೆ ಕೊಟ್ಟೆ.

29 ಅಕ್ಟೋಬರ್, ಸೋಮವಾರ

ಡಿಸ್ಕು ತೆಗೆದುಕೊಂಡು ಮೈಸೂರಿಗೆ ಹೋಗಿದ್ದೆ. ಸ್ವಾಮಿ ಬಹಳ ಹೊತ್ತು ತಿಣುಕಿದ.

“ಬರೀ ಹೆಸರು ಅಳಿಸಿದ್ರೆ ಏನಾದ್ರೂ ಹೆಕ್ಕಬಹುದಿತ್ತು ಅತ್ತಿಗೆ. ಆ ಪರೀಕ್ಷೆ ಎಲ್ಲದರ ಮೇಲೂ ಬರೆದುಬಿಟ್ಟಿದೆ. ಏನೂ ಉಳಿದಿಲ್ಲ. ಕಾಂತರಾಜಂಗೆ ಹೇಳಿದ್ರಾ?”

ಇಲ್ಲ ಎಂದೆ. ಹೇಳಿದರೆ ಡಿಸ್ಕು ಎತ್ತಿ ಕೊಟ್ಟದ್ದು ತಾವು ಎಂದು ಇವರಿಗೆ ಹೊಳೆಯದೆ ಇರುತ್ತದೆಯೇ? ಇವರಿಗೆ ಉಳಿದಿರುವುದು ಅದೊಂದು ಕೈ.

ಮನೆಗೆ ಬಂದಾಗ ಇವರು ಮಶೀನಿನ ಕಡೆ ನೋಡಿ ಹುಬ್ಬೇರಿಸಿದರು, ಹೇಗಾಯಿತು ಎನ್ನುವ ಹಾಗೆ. “ಎಲ್ಲಾ ಸಲೀಸಾಗಿ ಬಂತು ಕಣ್ರೀ, ಒಂದೂ ತಪ್ಪಲಿಲ್ಲ,” ಎಂದೆ. ನಕ್ಕರು. ಬಾಯಿ ಒಂದು ಕಡೆಗೆ ಹೋಗುವ ನಗು, ಆದರೂ ನಗುವೇ.

8 ನವೆಂಬರ್, ಗುರುವಾರ

ಚಿಕ್ಕಬೀರಮ್ಮ ಬಂದಳು. ಇಂಕು ಮುಗಿದಿದೆ, ಮೈಸೂರಿನಿಂದ ಬರಬೇಕು ಎಂದೆ. ಅವಳು ನಂಬಿದಳು. ಹಬ್ಬದ ಹಿಂದಿನ ದಿನ, ಗಿರಾಕಿಗಳಿದ್ದರು, ಹೆಚ್ಚು ಮಾತಾಡಲಾಗಲಿಲ್ಲ.

ಈ ವಾರ 2005ರ ಫೋಟೋ ಕೇಳಿಕೊಂಡು ಇನ್ನೂ ಇಬ್ಬರು ಬಂದಿದ್ದರು. ಅವರಿಗೂ ಇಂಕು ಎಂದೆ. ಜನಕ್ಕೂ ಈಗಲೇ ನೆನಪಾಗಬೇಕೇ?

15 ನವೆಂಬರ್, ಗುರುವಾರ

ಇವತ್ತು ಹೇಳಿಯೇಬಿಡುವುದೆಂದು ನಿರ್ಧಾರ ಮಾಡಿಕೊಂಡಿದ್ದೆ. ನಿಮ್ಮ ಮಗನ ಫೋಟೋ ನನ್ನ ಕೈಯಲ್ಲಿ ಹಾಳಾಯಿತು, ತಪ್ಪಾಯಿತು ಎಂದು. ಮಾತನ್ನು ಬಾಯಲ್ಲಿ ಸಿದ್ಧ ಮಾಡಿಟ್ಟುಕೊಂಡಿದ್ದೆ.

ಚಿಕ್ಕಬೀರಮ್ಮ ಬಂದವಳೇ ಇವರ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತು ಇವರ ಜೊತೆ ಮಾತಿಗೆ ಶುರು ಮಾಡಿದಳು. “ಅವತ್ತು ನೀವು ಎಂಗೆ ತಗುದ್ರಿ ಸಾಮಿ. ಮುಖ ಸೊಟ್ಟಗಿರ್ತು ಅಂತ ನೀವೇ ಗಲ್ಲ ಇಡ್ಕಂಡು ಸರಿ ಮಾಡುದ್ರಿ. ಎತ್ತಮ್ಮನ್ಗಿಂತ ಮೆತ್ತಗೆ ಮುಟ್ಟುದ್ರಿ.” ಇವರ ಕಣ್ಣಲ್ಲಿ ನೀರು ಬಂತು. ಆಮೇಲೆ ನನ್ನ ಕಡೆ ತಿರುಗಿ, “ಮುಖ ಮರ್ತೋಯ್ತಾ ಅದೆ ಕಣವ್ವ ನಂಗೆ. ಯಾರ್ಗೂ ಯೋಳ್ಬ್ಯಾಡ. ಎತ್ತೋಳು ನಾನೇ ಮರ್ತ್ರೆ ಎಂಗೆ? ಪೋಟ ನೋಡುದ್ರೆ ಬತ್ತದೆ,” ಎಂದಳು.

ಇದನ್ನು ಕೇಳಿದ ಮೇಲೆ ಯಾವ ಬಾಯಲ್ಲಿ ಹೇಳಲಿ?

ಆ ವರ್ಷದ್ದು ಬಹಳ ಫೋಟೋ ಇವೆ, ನಾನು ಅವನನ್ನು ನೋಡಿಲ್ಲ, ಗುರುತು ಹೇಳಿ ಎಂದೆ. ಅದು ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಅವಳು ಹೇಳಿದಳು: ತಮ್ಮನದೇ ಮುಖ, ಕೆನ್ನೆ ಅವನಷ್ಟು ತುಂಬಿಲ್ಲ. ಬಲ ಹುಬ್ಬನ್ನು ಸೀಳಿದ ಗಾಯದ ಗುರುತು. ಕಿವಿ ಸ್ವಲ್ಪ ಮುಂದಕ್ಕೆ. ನೀಲಿ ಅಂಗಿ.

ಮದುವೆಗೆ ಲಗ್ನಪತ್ರಿಕೆಯಲ್ಲಿ ಹಾಕಿಸಲು ಅಣ್ಣಯ್ಯನ ಫೋಟೋ ಬೇಕಲ್ಲ, ಕಳಿಸಿ ಎಂದೆ. ನಿಮ್ಮದೂ ಒಂದು ತೆಗೆಯುತ್ತೇನೆ ಎಂದು ಅಲ್ಲೇ ಸ್ಟೂಲಿನ ಮೇಲೆ ಕೂರಿಸಿದೆ. “ನಂದ್ಯಾಕವ್ವ ಈ ಮೂತಿ” ಎಂದು ಕಣ್ಣು ಅರಳಿಸಿ ನಕ್ಕಳು. ಆಗಲೇ ಒತ್ತಿದೆ.

19 ನವೆಂಬರ್, ಸೋಮವಾರ

ಅಣ್ಣಯ್ಯ ಬಂದು ಹೋದ. ಒಳ್ಳೆಯ ಹುಡುಗ. “ಅಕ್ಕ, ನಂದು ಆಮೇಲಿರ್ಲಿ, ಮೊದ್ಲು ಅಣ್ಣುಂದ್ ಕೊಟ್ಬುಡಿ. ಅವ್ವ ದಿನಾ ನಿಮ್ದೇ ಜಪ” ಎಂದ. ಎದುರಿನಿಂದ, ಪಕ್ಕದಿಂದ, ತಲೆ ತಗ್ಗಿಸಿ, ಬೇಕಾದ ಹಾಗೆಲ್ಲ ಕೂರಿಸಿ ತೆಗೆದೆ. ಇಷ್ಟೊಂದು ಯಾಕೆ ಎಂದು ಅವನು ಕೇಳಲಿಲ್ಲ.

ಮೂರನೆಯ ಡಿಸ್ಕಿನದೂ ಹೊಸದಕ್ಕೆ ಬಂತು. ಸಾಗಿಸುವ ಕೆಲಸ ಮುಗಿಯಿತು. ಈ ಸಲ ಎರಡೆರಡು ಸಲ ತೆಗೆದು ನೋಡಿದೆ.

24 ನವೆಂಬರ್, ಶನಿವಾರ

ಕೆಲಸ ನಾನು ಅಂದುಕೊಂಡದ್ದಕ್ಕಿಂತ ಸೂಕ್ಷ್ಮದ್ದು. ತಮ್ಮನ ಮುಖದಿಂದ ಕೆನ್ನೆ ಇಳಿಸಿ, ಮೀಸೆ ಒರೆಸಿ, ಹುಬ್ಬು ಸೀಳಿದೆ. ಹುಡುಗ ಬಂದ. ಆದರೆ ತಮ್ಮನ ಕಣ್ಣು ಇಟ್ಟರೆ ಅದು ಅಣ್ಣಯ್ಯನೇ, ಹಾವು ಕಚ್ಚಿದವನಲ್ಲ. ಅಣ್ಣಯ್ಯ ಹೇಳಿದ ಹಾಗೆ ಇವರು ಆಗ ಅದನ್ನೇ ಇಟ್ಟಿದ್ದರಂತೆ. ಅವಸರದಲ್ಲಿ ಮಾಡಿರಬೇಕು. ತಾಯಿಯ ಕಣ್ಣು ತೆಗೆದು, ಸುತ್ತಲ ಸುಕ್ಕು ಒರೆಸಿ ಕೂರಿಸಿದೆ. ಸರಿಯಾಗಿ ಹೊಂದಿಕೊಂಡಿತು! ಬೆಳಕು ಬಂದ ಕಡೆಗೆ ಒಂದು ಚುಕ್ಕೆ ಬಿಳಿ ಇಟ್ಟೆ, ನೋಡುತ್ತಿದ್ದಾನೆ ಎನ್ನುವ ಹಾಗಾಯಿತು. ನನ್ನ ಕೈಯೂ ಕಡಿಮೆಯಲ್ಲ ಎನಿಸಿತು.

ಇವರು ಹಿಂದೆ ಕೂತಿದ್ದರು. ಪರದೆಯ ಮೇಲೆ ಮುಖ ಪೂರ್ತಿಯಾಗುವ ಹೊತ್ತಿಗೆ ಗಂಟಲಿನಲ್ಲಿ ಏನೋ ಸದ್ದು ಮಾಡಿದರು, ಎಡಗೈಯಿಂದ ಕುರ್ಚಿಯ ತೋಳನ್ನು ಬಡಿಯತೊಡಗಿದರು. ನೀರು ಕೊಟ್ಟೆ, ಕುಡಿಯಲಿಲ್ಲ. ಮತ್ತೆ ಬಡಿದರು. ಕೆಲಸಕ್ಕೆ ತೊಂದರೆಯಾಗುತ್ತಿತ್ತು. ರಸ್ತೆ ನೋಡಿಕೊಂಡಿರಲಿ, ಹೊತ್ತು ಹೋದೀತು ಎಂದು ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿದೆ. ಆಮೇಲೆ ಸುಮ್ಮನಾದರು.

29 ನವೆಂಬರ್, ಗುರುವಾರ

ಚಿಕ್ಕಬೀರಮ್ಮ ಬಂದಳು. ಚೌಕಟ್ಟು ಹಾಕಿಸಿಯೇ ಇಟ್ಟಿದ್ದೆ. ಕೈಗೆ ಕೊಟ್ಟೆ. ಒಳಗೆ ಸರಿಯಾಗಿ ಕಾಣುವುದಿಲ್ಲ ಎಂದು ಬಾಗಿಲ ಹತ್ತಿರ ಬೆಳಕಿಗೆ ತೆಗೆದುಕೊಂಡು ಹೋದಳು. ಚೌಕಟ್ಟನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದಳು. ಗೊತ್ತಾಯಿತು, ಮುಗಿಯಿತು ಎಂದುಕೊಂಡೆ.

“ಬಂದ್ಯಾ ಮಗ,” ಎಂದಳು.

ಸೆರಗಿನಿಂದ ಗಾಜು ಒರೆಸಿದಳು. ಹುಬ್ಬಿನ ಗುರುತಿನ ಮೇಲೆ ಬೆರಳಾಡಿಸಿದಳು. “ಒಂದ್ ಮಾತು ಯೋಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡ ಕಣವ್ವ. ಆ ಪೋಟದಲ್ಲಿ ಕಣ್ಣು ಅವುಂದಾಗಿರ್ನಿಲ್ಲ. ಕಷ್ಟಪಟ್ಟು ಮಾಡವ್ರೆ ಅಂತ ಸುಮ್ಕಿದ್ದೆ. ಇದ್ರಲ್ಲಿ ಅವುಂದೇ ಕಣ್ಣು. ಇಂಗೇ ನೋಡೋನು ನನ್ನ. ಇವುನೇ ಕಣವ್ವ ನನ್ ಮಾದೇಸ.”

ನನಗೆ ಮೈ ಹಗುರಾಯಿತು. ಆ ತಾಯಿಯ ಮುಖದಲ್ಲಿ ಅಷ್ಟು ಸಂತೋಷ ನೋಡಿದ ಮೇಲೆ ಇದರಲ್ಲಿ ತಪ್ಪು ಹುಡುಕುವವರು ಹುಡುಕಿಕೊಳ್ಳಲಿ. ಹೋಗುವಾಗ ಅವಳು ಚೌಕಟ್ಟನ್ನು ಇವರ ಮುಖದ ಮುಂದೆ ಹಿಡಿದು, “ನೋಡಿ ಸಾಮಿ, ನೀವೇ ತಗುದಿದ್ದು” ಎಂದಳು. ಇವರು ಕಣ್ಣು ಮುಚ್ಚಿಕೊಂಡರು. ಅವಳು ಹೋಗುವ ತನಕ ತೆರೆಯಲಿಲ್ಲ. ನಿದ್ದೆ ಬಂದಿರಬೇಕು, ಈಚೆಗೆ ಬೇಗ ಸುಸ್ತಾಗುತ್ತಾರೆ.

ಹೊಸದರಲ್ಲಿ 2004 ಎಂದು ಫೋಲ್ಡರ್ ಮಾಡಿ ಮಾದೇಶನನ್ನು ಅದರೊಳಗೆ ಇಟ್ಟೆ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

30 ನವೆಂಬರ್, ಶುಕ್ರವಾರ

ಭೇರ್ಯದಿಂದ ಫೋನು. ಯಾರೋ ಪ್ರಮೀಳಾ ಅಂತ. ಅವರ ಅತ್ತೆ ತೀರಿಕೊಂಡಾಗ ಇವರು ಹೋಗಿ ತೆಗೆದಿದ್ದರಂತೆ, 2005ರಲ್ಲಿ. ವರ್ಷದ ಪೂಜೆಗೆ ದೊಡ್ಡದು ಮಾಡಿಸಬೇಕಂತೆ. ಇದೆಯಾ ಎಂದು ಕೇಳಿದಳು.

ಇದೆ, ಬರುವ ವಾರ ಬನ್ನಿ ಎಂದೆ. ಅತ್ತೆಯ ಒಡಹುಟ್ಟಿದ ತಂಗಿ ಯಾರಾದರೂ ಇದ್ದಾರಾ ಎಂದು ಕೇಳಿದೆ. ಒಬ್ಬರು ಕೃಷ್ಣರಾಜನಗರದಲ್ಲಿ ಇದ್ದಾರಂತೆ.

ಬರುವಾಗ ಅವರನ್ನೂ ಕರೆದುಕೊಂಡು ಬನ್ನಿ ಎಂದು ಹೇಳಿದೆ.